ಓದುಗರ ಪ್ರಶ್ನೆ: ಆಟವಾಡಿಸಿದರೆ ‘ಡಿಡ್ ನಾಟ್ ವೆಂಟ್’ ಹೋಗುತ್ತದೆಯೇ?

ಇಂಗ್ಲಿಷ್ ಟೆನ್ಸ್‌ಗಳನ್ನು ಆಟದ ಮೂಲಕ ಕಲಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ತೊಡಕನ್ನು ಹಲವರು ಕೇಳಿದ್ದಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

*ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. 48 ಮಕ್ಕಳಿದ್ದಾರೆ. ‘ಗೋ, ವೆಂಟ್, ಗಾನ್’ ಎಂದು ವಿ ಒನ್, ವಿ ಟೂ, ವಿ ತ್ರೀ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಬರೆಯಲು ಕೂತರೆ ಮಾತ್ರ ‘ಐ ಡಿಡ್ ನಾಟ್ ವೆಂಟ್’. ಇದನ್ನು ಬಿಡಿಸುವ ಆಟ ಇದೆಯೇ?*
ಶಿಕ್ಷಕಿ, ಹಿರಿಯೂರು ತಾಲ್ಲೂಕು

ಇದೆ. ಆದರೆ ಆಟಕ್ಕೆ ಮೊದಲು ಐದು ನಿಮಿಷ ಕನ್ನಡವನ್ನೇ ಬೋರ್ಡಿನ ಮೇಲೆ ಬರೆಯಿರಿ. ‘ಬಂದ’ ಎಂಬುದಕ್ಕೆ ‘ಇಲ್ಲ’ ಸೇರಿಸಿ ಎಂದರೆ ಯಾವ ಮಗುವೂ ‘ಬಂದಲಿಲ್ಲ’ ಎನ್ನುವುದಿಲ್ಲ, ‘ಬರಲಿಲ್ಲ’ ಎನ್ನುತ್ತದೆ. ‘ತಿಂದ’ ಹೋಗಿ ‘ತಿನ್ನಲಿಲ್ಲ’, ‘ಕೊಟ್ಟ’ ಹೋಗಿ ‘ಕೊಡಲಿಲ್ಲ’ ಆಗುತ್ತದೆ. ಆಗಿಹೋದದ್ದು ಎಂಬ ಗುರುತನ್ನು ‘ಅಲಿಲ್ಲ’ ಹೊತ್ತುಕೊಂಡ ಕೂಡಲೇ ಕ್ರಿಯಾಪದ ತನ್ನ ಮೊದಲಿನ ರೂಪಕ್ಕೆ ಮರಳುತ್ತದೆ. ಇಂಗ್ಲಿಷಿನ ‘ಡಿಡ್ ನಾಟ್ ಗೋ’ದಲ್ಲಿ ನಡೆಯುವುದೂ ಇದೇ. ಮಕ್ಕಳ ನಾಲಿಗೆಯಲ್ಲಿ ಆಗಲೇ ಇರುವ ನಿಯಮವನ್ನೇ ತೋರಿಸಿಕೊಡುತ್ತಿದ್ದೀರಿ, ಹೊಸದನ್ನು ಹೇರುತ್ತಿಲ್ಲ.

ಇನ್ನು ಆಟ. ಹಳೆಯ ಲಗ್ನಪತ್ರಿಕೆಗಳ ಅಚ್ಚಾದ ಬದಿಗಳನ್ನು ಒಟ್ಟಿಗೆ ಅಂಟಿಸಿದರೆ ಎರಡೂ ಕಡೆ ಖಾಲಿಯಿರುವ ಗಟ್ಟಿ ಕಾರ್ಡು ಸಿಗುತ್ತದೆ. 12 ಕ್ರಿಯಾಪದ ಆರಿಸಿಕೊಳ್ಳಿ. ಒಂದು ಬದಿಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ವೆಂಟ್’, ಇನ್ನೊಂದು ಬದಿಗೆ ಕಪ್ಪಿನಲ್ಲಿ ‘ಗೋ’ ಬರೆಯಿರಿ. ಅದೇ ರೀತಿ ಏಟ್–ಈಟ್, ಕೇಮ್–ಕಮ್, ಸಾ–ಸೀ, ಬಾಟ್–ಬೈ, ಗೇವ್–ಗಿವ್, ಡ್ರ್ಯಾಂಕ್–ಡ್ರಿಂಕ್, ರೋಟ್–ರೈಟ್, ರ್‍ಯಾನ್–ರನ್, ಟುಕ್–ಟೇಕ್, ಬ್ರೋಕ್–ಬ್ರೇಕ್, ಸ್ಲೆಪ್ಟ್–ಸ್ಲೀಪ್. ಅಕ್ಷರ ಕೊನೆಯ ಬೆಂಚಿಗೆ ಕಾಣುವಷ್ಟು ದೊಡ್ಡದಿರಲಿ. ನ್ಯೂಸ್‌ಪೇಪರಿನಲ್ಲಿ ಒಂದು ಟೋಪಿ ಮಡಚಿ, ಅದರ ಮೇಲೆ ಕೆಂಪಿನಲ್ಲಿ ‘ಡಿಡ್’ ಎಂದು ಬರೆಯಿರಿ.

ಮೂವರು ಮಕ್ಕಳು ಮುಂದೆ ಬಂದು ಸಾಲಾಗಿ ನಿಲ್ಲಲಿ. ಒಬ್ಬಳು ‘ಶಿ’, ಒಬ್ಬ ಕೆಂಪು ಬದಿ ತೋರಿಸುತ್ತಿರುವ ‘ವೆಂಟ್’, ಮತ್ತೊಬ್ಬಳು ‘ಟು ದ ಫೇರ್’. ತರಗತಿ ಓದಲಿ: ‘ಶಿ ವೆಂಟ್ ಟು ದ ಫೇರ್.’ ನೀವು ‘ನೋ!’ ಎಂದ ತಕ್ಷಣ ಡಿಡ್ ಟೋಪಿಯವನು ‘ನಾಟ್’ ಕಾರ್ಡು ಹಿಡಿದು ಶಿ ಮತ್ತು ವೆಂಟ್ ನಡುವೆ ನುಗ್ಗಬೇಕು. ಅವನು ಬರುತ್ತಿದ್ದಂತೆ ವೆಂಟ್ ಹಿಡಿದವನು ಕಾರ್ಡು ತಿರುಗಿಸಿ ಕಪ್ಪು ಬದಿ ತೋರಿಸಬೇಕು. ಒಂದು ವಾಕ್ಯದಲ್ಲಿ ಕೆಂಪು ಒಂದೇ ಕಡೆ ಇರಬೇಕು, ನಿಯಮ ಇಷ್ಟೇ. ಎರಡು ಕಡೆ ಕೆಂಪು ಕಂಡರೆ ಎದುರಿನ ಗುಂಪಿಗೆ ಒಂದು ಅಂಕ. ನೀವು ‘ಕ್ವೆಶ್ಚನ್!’ ಎಂದರೆ ಟೋಪಿಯವನು ‘ಶಿ’ಯ ಎಡಕ್ಕೆ ಓಡಬೇಕು, ಕ್ರಿಯಾಪದ ಆಗಲೂ ಕಪ್ಪಿಗೆ ತಿರುಗಬೇಕು.

ಪ್ರಶ್ನಾವಾಕ್ಯದಲ್ಲಿ ತಪ್ಪು ಹೆಚ್ಚು ಬೀಳುತ್ತದೆ, ಅದಕ್ಕೆ ಕಾರಣವೂ ಕನ್ನಡದಲ್ಲಿದೆ. ‘ಬರಲಿಲ್ಲ’ ನಿಮ್ಮ ಸಹಾಯಕ್ಕೆ ಬಂದಂತೆ ‘ಬಂದನಾ?’ ಬರುವುದಿಲ್ಲ. ಅಲ್ಲಿ ‘ಬಂದ’ ಹಾಗೇ ಉಳಿದು ಕೊನೆಗೆ ‘ಆ’ ಮಾತ್ರ ಸೇರುತ್ತದೆ. ಹಾಗಾಗಿ ಮಗುವಿಗೆ ‘ಡಿಡ್ ಹಿ ಕೇಮ್?’ ಸಹಜವಾಗಿ ಕೇಳುತ್ತದೆ. ‘ಇಲ್ಲ’ದ ವಾಕ್ಯಗಳಿಗೆ ಒಂದು ಪೀರಿಯಡ್ ಸಾಕಾದರೆ ಪ್ರಶ್ನೆಗೆ ಎರಡು ಇಟ್ಟುಕೊಳ್ಳಿ.

ಈ ಆಟ ಕೆಡುವುದು ಮೂರು ಕಡೆ. ಮೊದಲನೆಯದು, ‘ಪ್ಲೇಡ್–ಪ್ಲೇ’ಯಂಥ ಸರಳ ಪದಗಳಿಂದ ಆರಂಭಿಸುವುದು. ಕೊನೆಯ ‘ಡ್’ ಗಲಾಟೆಯಲ್ಲಿ ಕೇಳಿಸುವುದೇ ಇಲ್ಲ, ರೂಪ ಬದಲಾದದ್ದು ಮಕ್ಕಳಿಗೆ ತಿಳಿಯುವುದಿಲ್ಲ. ಪೂರ್ತಿ ರೂಪ ಬದಲಾಗುವ ಪದಗಳನ್ನೇ ಮೊದಲು ತನ್ನಿ. ಎರಡನೆಯದು, ‘ವಾಸ್’ ಅನ್ನು ಇದರೊಳಗೆ ಸೇರಿಸುವುದು. ವಾಸ್, ವರ್ ಎರಡಕ್ಕೂ ಡಿಡ್ ಬೇಕಿಲ್ಲ. ಒಂದೇ ದಿನ ಎರಡನ್ನೂ ತಂದರೆ ‘ಡಿಡ್ ನಾಟ್ ವಾಸ್’ ಎಂಬ ಹೊಸ ತಪ್ಪನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಮೂರನೆಯದು, 48 ಮಕ್ಕಳಲ್ಲಿ ನಾಲ್ವರು ಆಡಿ 44 ಮಂದಿ ನೋಡುವುದು. ಮುಂದೆ ನಿಂತು ಆಡಿಸುವುದು ನಾಲ್ಕೈದು ವಾಕ್ಯಗಳಷ್ಟೇ ಇರಲಿ. ಆಮೇಲೆ ಆರಾರು ಜನರ ಎಂಟು ಗುಂಪು ಮಾಡಿ. ನೋಟ್‌ಬುಕ್ ಹಾಳೆಯ ಚೂರುಗಳಲ್ಲಿ ಪ್ರತಿ ಗುಂಪು ತನ್ನದೇ ಕಾರ್ಡು ಬರೆದುಕೊಳ್ಳಲಿ. ಬರೆಯುವಾಗಲೇ ಅರ್ಧ ಕಲಿಕೆ ಆಗಿರುತ್ತದೆ.

ಕೊನೆಯ ಹತ್ತು ನಿಮಿಷ ಪುಸ್ತಕ ತೆಗೆಸಿ, ಅದೇ ಐದು ವಾಕ್ಯ ಬರೆಸಿ. ನಿಮ್ಮ ಮಕ್ಕಳು ಬಾಯಲ್ಲಿ ಸರಿ ಹೇಳಿ ಬರೆಯುವಾಗ ತಪ್ಪುವವರು. ಆಟದ ಬೆನ್ನಿಗೇ ಬರಹ ಬರದಿದ್ದರೆ ಎರಡಕ್ಕೂ ನಂಟು ಬೆಳೆಯುವುದಿಲ್ಲ.

*ಆಟ ಎಂದ ಕೂಡಲೇ ಗದ್ದಲ. ಪಕ್ಕದ ಕೊಠಡಿಯವರು ಬೇಸರಪಡುತ್ತಾರೆ. ಸದ್ದಿಲ್ಲದೆ ಆಡಿಸಬಹುದಾದದ್ದು ಏನಾದರೂ?*
ಶಿಕ್ಷಕ, ತರೀಕೆರೆ

ಕೆರೆ–ದಡ. ಮಕ್ಕಳಿಗೆ ಆಟ ಗೊತ್ತೇ ಇದೆ, ನಿಯಮ ವಿವರಿಸಲು ಸಮಯ ಹೋಗುವುದಿಲ್ಲ. ನೆಲದ ಮೇಲೆ ಚಾಕ್‌ಪೀಸಿನಿಂದ ಉದ್ದ ಗೆರೆ ಎಳೆಯಿರಿ. ಗೆರೆಯ ಈಚೆ ಕೆರೆ, ಅಂದರೆ ದಿನಾ ನಡೆಯುವುದು. ಆಚೆ ದಡ, ಅಂದರೆ ಆಗಿಹೋದದ್ದು. ನೀವು ವಾಕ್ಯ ಹೇಳುತ್ತೀರಿ, ಅವರು ಬಾಯಿ ಬಿಡದೆ ನೆಗೆಯುತ್ತಾರೆ. ಮಾತಾಡಿದವರು ಔಟ್. ಜಾಗವಿಲ್ಲದಿದ್ದರೆ ಬೆಂಚಿನಲ್ಲೇ ಕೂತು ಅಂಗೈ ಮೇಲೆ ಮಾಡಿದರೆ ಕೆರೆ, ಕೆಳಗೆ ಮಾಡಿದರೆ ದಡ.

ಇದರಲ್ಲಿ ಒಂದು ಎಚ್ಚರ ಬಹಳ ಮುಖ್ಯ. ‘ಯೆಸ್ಟರ್‌ಡೇ’, ‘ಎವ್ರಿ ಡೇ’ ಎಂಬ ಪದಗಳನ್ನು ನೀವು ಹೇಳಲೇಬಾರದು. ಹೇಳಿದರೆ ಮಕ್ಕಳು ಅದನ್ನೇ ಹಿಡಿದು ನೆಗೆಯುತ್ತಾರೆ, ಕ್ರಿಯಾಪದ ಕಿವಿಗೆ ಬೀಳುವುದೇ ಇಲ್ಲ. ‘ಶಿ ಡ್ರಿಂಕ್ಸ್ ಮಿಲ್ಕ್’, ‘ಶಿ ಡ್ರ್ಯಾಂಕ್ ಮಿಲ್ಕ್’ ಎಂದಷ್ಟೇ ಹೇಳಿ. ಹಾಗೆಂದಾಗ ಕಾಲದ ಗುರುತು ಇರುವುದು ಕ್ರಿಯಾಪದದಲ್ಲಿ ಮಾತ್ರ, ಅದನ್ನು ಕೇಳಿಸಿಕೊಳ್ಳದೆ ಗತ್ಯಂತರವಿಲ್ಲ. ಯಾವ ಟೆನ್ಸ್ ಆಟವನ್ನು ಅಳೆಯುವುದಕ್ಕೂ ನಾವು ಬಳಸುವ ಅಳತೆಗೋಲು ಇದೇ: ಕ್ರಿಯಾಪದದ ಕಡೆ ಗಮನವೇ ಕೊಡದೆ ಮಗು ಗೆಲ್ಲಬಹುದೇ? ಗೆಲ್ಲಬಹುದಾದರೆ ಅದು ಬರೀ ಆಟ, ಟೆನ್ಸ್ ಪಾಠವಲ್ಲ.

ಪಕ್ಕದವರನ್ನು ನೋಡಿ ನೆಗೆಯುವವರು ಇದ್ದೇ ಇರುತ್ತಾರೆ. ಕಣ್ಣು ಮುಚ್ಚಿಸಿ ಆಡಿಸಿದರೆ ಆ ತೊಂದರೆ ತಪ್ಪುತ್ತದೆ, ಆದರೆ ಆಗ ನೆಗೆತ ಬೇಡ, ಅಂಗೈ ಆಟ ಸಾಕು. 15 ವಾಕ್ಯ ಮುಗಿದ ಮೇಲೆ ಜಾಣರಿಗಾಗಿ ಒಂದು ಒಗಟು ಇಡಿ: ‘ಶಿ ಪುಟ್ ದ ಬಾಕ್ಸ್ ಹಿಯರ್.’ ಪುಟ್ ಎರಡು ಕಾಲದಲ್ಲೂ ಪುಟ್ಟೇ, ಹಾಗಾದರೆ ಕೆರೆಯೋ ದಡವೋ? ದಡ. ದಿನಾ ಇಡುವುದಾದರೆ ‘ಪುಟ್ಸ್’ ಆಗಬೇಕಿತ್ತಲ್ಲ!

*‘ವಾಕೆಡ್’, ‘ಹೆಲ್ಪೆಡ್’ ಎಂದೇ ಓದುತ್ತಾರೆ. ಎಷ್ಟು ತಿದ್ದಿದರೂ ಮತ್ತೆ ಅದೇ.*
ಶಿಕ್ಷಕಿ, ಇಂಡಿ ತಾಲ್ಲೂಕು

ಕನ್ನಡದಲ್ಲಿ ಬರೆದದ್ದನ್ನೆಲ್ಲ ಉಚ್ಚರಿಸುತ್ತೇವೆ, ಅದೇ ಅಭ್ಯಾಸ ಇಂಗ್ಲಿಷಿಗೂ ಬರುತ್ತದೆ. ಕೊಠಡಿಯ ಮೂರು ಮೂಲೆಗೆ ‘ಟ್’, ‘ಡ್’, ‘ಇಡ್’ ಎಂದು ಬರೆದ ಹಾಳೆ ಅಂಟಿಸಿ. ಮಕ್ಕಳು ಗಂಟಲಿನ ಮೇಲೆ ಬೆರಳಿಟ್ಟು ಪದದ ಕೊನೆಯ ಧ್ವನಿಯನ್ನಷ್ಟೇ ಹೇಳಲಿ. ‘ವಾಕ್’ನ ಕ್, ‘ಹೆಲ್ಪ್’ನ ಪ್, ‘ವಾಶ್’ನ ಶ್, ‘ವಾಚ್’ನ ಚ್, ‘ಲಾಫ್’ನ ಫ್, ‘ಕಿಸ್’ನ ಸ್ ಇವುಗಳಲ್ಲಿ ಗಂಟಲು ಅದುರುವುದಿಲ್ಲ. ಅವು ಟ್ ಮೂಲೆಗೆ: ವಾಕ್ಟ್, ಹೆಲ್ಪ್ಟ್. ‘ಪ್ಲೇ’, ‘ಕಾಲ್’, ‘ಓಪನ್’, ‘ಕ್ಲೀನ್’ಗಳಲ್ಲಿ ಅದುರುತ್ತದೆ, ಅವು ಡ್ ಮೂಲೆಗೆ. ಪದವೇ ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ಇಡ್: ವಾಂಟೆಡ್, ನೀಡೆಡ್, ಪ್ಲಾಂಟೆಡ್. ಪದ ಹೇಳಿ, ಮೂಲೆಗೆ ಓಡಿಸಿ. ‘ಲಾಫ್’ ಪದವನ್ನು ಬಾಯಲ್ಲೇ ಹೇಳಿ, ಬರೆದು ತೋರಿಸಬೇಡಿ. ಕಾಗುಣಿತ ಕಂಡರೆ ಮಕ್ಕಳು ಬೇರೆ ಮೂಲೆಗೆ ಹೋಗುತ್ತಾರೆ.

ಉಚ್ಚಾರ ಸರಿಹೋಗುವುದು ಬರೀ ಚೆಂದಕ್ಕಲ್ಲ. ‘ವಾಕೆಡ್’ ಎಂದೇ ಕಾಯುವ ಕಿವಿಗೆ, ಬೇರೆಯವರು ‘ವಾಕ್ಟ್’ ಎಂದಾಗ ಅದು ಭೂತಕಾಲ ಎಂದು ಹೊಳೆಯುವುದಿಲ್ಲ.

*ನಮ್ಮ ಮಕ್ಕಳು ‘ಹಿ ಕಮಿಂಗ್’, ‘ವಾಟ್ ಯು ಡೂಯಿಂಗ್’ ಅಂತಾರ. ಈಸ್, ಆರ್ ಎಲ್ಲಾ ನುಂಗಿಬಿಡ್ತಾರ. ಮೂಕಾಭಿನಯದ ಆಟ ಆಡಿಸೀನಿ, ಉಪಯೋಗ ಆಗಿಲ್ಲ.*
ಶಿಕ್ಷಕ, ರೋಣ ತಾಲ್ಲೂಕು

ಮೂಕಾಭಿನಯ ಒಳ್ಳೆಯ ಆಟವೇ. ಸೋತಿರುವುದು ಗೆಲುವಿನ ನಿಯಮದಿಂದ ಇರಬೇಕು. ಒಬ್ಬ ತಿನ್ನುವಂತೆ ನಟಿಸುತ್ತಾನೆ, ಉಳಿದವರು ‘ಈಟಿಂಗ್!’ ಎಂದು ಕೂಗುತ್ತಾರೆ, ಅಂಕ ಸಿಗುತ್ತದೆ. ಒಂದು ಪದಕ್ಕೇ ಅಂಕ ಸಿಗುವಾಗ ‘ಈಸ್’ ಯಾರಿಗೆ ಬೇಕು?

ನಿಯಮ ಬದಲಿಸಿ. ನಟಿಸುವವನು ಪೂರ್ತಿ ವಾಕ್ಯ ಕೇಳುವವರೆಗೂ ನಿಲ್ಲಿಸಬಾರದು. ಬಾವಿಯಿಂದ ನೀರು ಸೇದುತ್ತಿದ್ದರೆ ಸೇದುತ್ತಲೇ ಇರಬೇಕು. ಹೇಳುವವರು ‘ಹಿ’ ಎಂದಾಗ ಅವನತ್ತ ಕೈ ತೋರಿಸಿ, ‘ಈಸ್’ ಎಂದಾಗ ಒಂದು ಚಪ್ಪಾಳೆ ತಟ್ಟಿ, ಆಮೇಲೆ ‘ಡ್ರಾಯಿಂಗ್ ವಾಟರ್’ ಎನ್ನಬೇಕು. ಚಪ್ಪಾಳೆ ಇಲ್ಲದ ವಾಕ್ಯಕ್ಕೆ ನಟ ಕಿವಿಗೊಡಬಾರದು. ಎರಡು ವಾರ ಕಳೆದ ಮೇಲೆ ಚಪ್ಪಾಳೆ ತೆಗೆದುಬಿಡಿ.

ನಿಮ್ಮ ಕಡೆಯ ಮಾತಿನಲ್ಲೇ ಇದಕ್ಕೆ ಒಳ್ಳೆಯ ಊರುಗೋಲು ಇದೆ. ‘ಬರಾಕತ್ತಾನ’ ಎಂಬುದನ್ನು ‘ಬರಾಕ ಹತ್ತ್ಯಾನ’ ಎಂದು ಬಿಡಿಸಿ ಹೇಳಿಸಿ. ಅಲ್ಲಿ ಎರಡು ತುಂಡುಗಳಿವೆ, ‘ಈಸ್ ಕಮಿಂಗ್’ನಲ್ಲೂ ಎರಡು. ‘ಹತ್ತ್ಯಾನ’ ಬಿಟ್ಟು ‘ಅಂವ ಬರಾಕ’ ಎಂದರೆ ಎಷ್ಟು ಅರೆಬರೆ ಅನಿಸುತ್ತದೋ ‘ಹಿ ಕಮಿಂಗ್’ ಕೂಡ ಅಷ್ಟೇ ಅರೆಬರೆ. ಮೈಸೂರು ಕಡೆಯವರು ‘ಬರ್ತಾ ಇದ್ದಾನೆ’ ಎಂಬುದನ್ನು ಹೀಗೇ ಒಡೆದು ತೋರಿಸಬಹುದು. ಪಠ್ಯಪುಸ್ತಕದ ‘ಬರುತ್ತಿದ್ದಾನೆ’ ಒಂದೇ ಪದವಾಗಿ ಅಂಟಿಕೊಂಡಿರುವುದರಿಂದ ಅದು ಇಲ್ಲಿ ಅಷ್ಟು ಉಪಯೋಗಕ್ಕೆ ಬಾರದು.

*‘ಐ ಸಾ’ ಮತ್ತು ‘ಐ ಹ್ಯಾವ್ ಸೀನ್’ ವ್ಯತ್ಯಾಸ ಎಷ್ಟು ಹೇಳಿದರೂ ಎಂಟನೇ ತರಗತಿಯವರಿಗೆ ತಲೆಗೆ ಹತ್ತುತ್ತಿಲ್ಲ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದೇ ಬರೆಯುತ್ತಾರೆ.*
ಶಿಕ್ಷಕಿ, ಪುತ್ತೂರು

ಕನ್ನಡದಲ್ಲಿ ‘ನಿನ್ನೆಯೇ ಹೇಳಿದ್ದೇನಲ್ಲ’ ಎನ್ನುವುದು ಪೂರ್ತಿ ಸರಿ. ‘ಇದ್ದೇನೆ’ ಮತ್ತು ‘ನಿನ್ನೆ’ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಇರುತ್ತವೆ. ಇಂಗ್ಲಿಷಿನಲ್ಲಿ ಇವೆರಡು ಜೊತೆಗಿರಲಾರವು. ಮಕ್ಕಳ ತಪ್ಪು ಬರುವುದು ಈ ಬಿರುಕಿನಿಂದ. ಇದನ್ನು ಮಾತಿನಲ್ಲಿ ವಿವರಿಸಿದಷ್ಟೂ ಗೊಂದಲ ಹೆಚ್ಚುತ್ತದೆ, ಕಣ್ಣಿಗೆ ಕಾಣಿಸಬೇಕು.

‘ಏನು ಬದಲಾಗಿದೆ’ ಆಟ ಇದಕ್ಕೆಂದೇ ಹೇಳಿಮಾಡಿಸಿದಂತಿದೆ. ನಾಲ್ವರನ್ನು ಹೊರಗೆ ಕಳಿಸಿ. ಹೋಗುವ ಮೊದಲು ಅವರು ಕೊಠಡಿಯನ್ನು ಅರ್ಧ ನಿಮಿಷ ಚೆನ್ನಾಗಿ ನೋಡಿಕೊಳ್ಳಲಿ. ಒಳಗಿರುವವರು ಐದು ಬದಲಾವಣೆ ಮಾಡಲಿ: ಕಿಟಕಿ ತೆರೆಯುವುದು, ಬೋರ್ಡಿನ ತಾರೀಖು ಒರೆಸುವುದು, ಕುರ್ಚಿ ಸರಿಸುವುದು, ಡಸ್ಟರ್ ಬಚ್ಚಿಡುವುದು, ಇಬ್ಬರು ಜಾಗ ಬದಲಿಸುವುದು. ಹೊರಗಿದ್ದವರು ಬಂದು ಹೇಳಬೇಕು: ‘ಯು ಹ್ಯಾವ್ ಓಪನ್ಡ್ ದ ವಿಂಡೋ.’ ‘ಯು ಹ್ಯಾವ್ ಹಿಡನ್ ದ ಡಸ್ಟರ್.’ ತೆರೆದದ್ದು ಯಾವಾಗ ಎಂದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ತೆರೆದಿರುವುದು ಮಾತ್ರ ಎದುರಿಗಿದೆ. ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರಿನಲ್ಲಿ ಪ್ರೆಸೆಂಟ್ ಏಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿದಿಲ್ಲ.

ಮುಖ್ಯವಾದ ಎರಡನೇ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಐದೂ ಸಿಕ್ಕ ಮೇಲೆ ಕಿಟಕಿ ಮುಚ್ಚಿ, ಕುರ್ಚಿಯನ್ನು ಮೊದಲಿನ ಜಾಗಕ್ಕೆ ಇಡಿ. ಈಗ ಎದುರಿಗೆ ಯಾವ ಗುರುತೂ ಇಲ್ಲ. ಬೋರ್ಡಿನ ಮೇಲೆ ಗಡಿಯಾರ ಬರೆದು ಕೇಳಿ: ‘ವಾಟ್ ಡಿಡ್ ದೇ ಡು ಅಟ್ 11:20?’ ಉತ್ತರ ‘ದೇ ಓಪನ್ಡ್ ದ ವಿಂಡೋ’ ಎಂದಾಗಬೇಕು, ಹ್ಯಾವ್ ಬೀಳಬೇಕು. ಗಡಿಯಾರ ಬಂದರೆ ಹ್ಯಾವ್ ಹೋಗುತ್ತದೆ ಎಂಬುದನ್ನು ಈ ಎರಡು ಹಂತ ಅಕ್ಕಪಕ್ಕ ಇದ್ದಾಗ ಮಾತ್ರ ಮಕ್ಕಳು ಕಾಣುತ್ತಾರೆ.

ಆಟಕ್ಕೆ ಮೊದಲು ಓಪನ್ಡ್, ಮೂವ್ಡ್, ಹಿಡನ್, ರಬ್ಡ್, ಚೇಂಜ್ಡ್, ಟೇಕನ್, ಪುಟ್, ರಿಟನ್ ಎಂಬ ಎಂಟು ಪದ ಬೋರ್ಡಿನ ಬದಿಯಲ್ಲಿ ಇರಲಿ. ಇಲ್ಲದಿದ್ದರೆ ಬದಲಾವಣೆ ಕಂಡರೂ ಪದ ಸಿಗದೆ ಕನ್ನಡದಲ್ಲೇ ಹೇಳಿಬಿಡುತ್ತಾರೆ. ಹೊರಗೆ ಕಳಿಸಿದವರು ಎರಡು ನಿಮಿಷಕ್ಕಿಂತ ಹೆಚ್ಚು ಹೊರಗಿರಬಾರದು. ಬದಲಾವಣೆ ಏನಿರಬೇಕೆಂದು ಒಳಗಿನವರು ವಾದಕ್ಕಿಳಿದರೆ ಪೀರಿಯಡ್ ಅಲ್ಲೇ ಮುಗಿಯುತ್ತದೆ, ಆದ್ದರಿಂದ ಐದು ಬದಲಾವಣೆಗಳನ್ನು ಚೀಟಿಯಲ್ಲಿ ನೀವೇ ಬರೆದು ಕೊಡಿ.

‘ನಿನ್ನೆ ಬಂದಿದ್ದೆ’ ಎಂಬುದನ್ನು ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಎಂದು ತರುವುದು, ‘ಐದು ವರ್ಷದಿಂದ ಇಲ್ಲೇ ಇದ್ದೇವೆ’ ಎಂಬುದನ್ನು ‘ವಿ ಆರ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎನ್ನುವುದು ಇದರ ನೆಂಟರು. ಮೊದಲನೆಯದಕ್ಕೆ ಬರೀ ‘ಐ ಕೇಮ್ ಯೆಸ್ಟರ್‌ಡೇ’ ಸಾಕು. ಎರಡನೆಯದು ‘ವಿ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್’. ಇವನ್ನು ಅದೇ ವಾರ ತರಬೇಡಿ.

*‘ಬಾಯ್ಸ್ ಪ್ಲೇಸ್’, ‘ಬಾಯ್ ಪ್ಲೇ’ ಎರಡೂ ಉಲ್ಟಾ ಆಗುತ್ತದೆ.*
ಶಿಕ್ಷಕ, ಮಳವಳ್ಳಿ

‘ಎಸ್’ ಎಂದರೆ ಬಹುವಚನ ಎಂದು ಮೊದಲು ಕಲಿತ ಮಗು ಕ್ರಿಯಾಪದಕ್ಕೂ ಅದನ್ನೇ ಅನ್ವಯಿಸುತ್ತದೆ. ರಟ್ಟಿನಲ್ಲಿ ‘ಎಸ್’ ಅಕ್ಷರ ಕತ್ತರಿಸಿ. ಇಡೀ ಗುಂಪಿಗೆ ಒಂದೇ ಒಂದು. ‘ಬಾಯ್’ ಕಾರ್ಡಿನವಳೂ ‘ಪ್ಲೇ’ ಕಾರ್ಡಿನವನೂ ನಿಂತಿರುತ್ತಾರೆ, ಎಸ್ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಇರಲು ಸಾಧ್ಯ. ‘ಮೆನಿ’ ಎಂದರೆ ಬಾಯ್ ಕಸಿದುಕೊಳ್ಳಬೇಕು, ‘ಒನ್’ ಎಂದರೆ ಪ್ಲೇಗೆ ಕೊಡಬೇಕು. ‘ಐ’ ಅಥವಾ ‘ಯು’ ಬಂದರೆ ಎಸ್ ಮೇಜಿನ ಮೇಲೆ. ‘ಚಿಲ್ಡ್ರನ್’, ‘ಮೆನ್’ ಪದಗಳಿಗೆ ಎಸ್ ಬೇಡವೇ ಬೇಡ, ಹಾಗಾಗಿ ಅವನ್ನು ಮೊದಲ ವಾರ ದೂರವಿಡಿ.

*ಚೌಕಾಬಾರದಂಥ ನಮ್ಮ ಆಟಗಳನ್ನು ಟೆನ್ಸ್‌ಗೆ ಹೊಂದಿಸಲು ಆಗುತ್ತದೆಯೇ? ಹೊಂದಿಸಿದ್ದು ಬಲವಂತ ಅನಿಸಬಾರದು.*
ಶಿಕ್ಷಕಿ, ನಂಜನಗೂಡು

ಚೌಕಾಬಾರ ಚೆನ್ನಾಗಿಯೇ ಒಗ್ಗುತ್ತದೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿ 1995ರಲ್ಲಿ ನಿಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದದ್ದು. ಆ ಪದ್ಧತಿಯಲ್ಲಿ ಕಲಿತು ಬಂದ ಮಕ್ಕಳಿಗೆ ನೆಲದ ಮೇಲೆ ಗುಂಪಾಗಿ ಕೂತು ಕಾರ್ಡಿನೊಂದಿಗೆ ಕಲಿಯುವುದು ರೂಢಿಯಾಗಿರುತ್ತದೆ.

ಐದಕ್ಕೆ ಐದು ಮನೆ ಬರೆದರೆ 25. ನಡುಮನೆ ಮತ್ತು ನಾಲ್ಕು ಬದಿಯ ಕಟ್ಟೆಮನೆ ಬಿಟ್ಟರೆ 20 ಉಳಿಯುತ್ತವೆ. ಆ 20ರಲ್ಲಿ ಒಂದೊಂದು ಕ್ರಿಯಾಪದದ ಮೂಲರೂಪ ಬರೆಯಿರಿ. ನಾಲ್ಕು ಕವಡೆ ಬೇಕು. ಇಲ್ಲದಿದ್ದರೆ ಒಂದು ಬದಿ ಬೆಳ್ಳಗಾಗುವವರೆಗೆ ಕಲ್ಲಿನ ಮೇಲೆ ತೇದ ಹುಣಸೆಬೀಜ ಸಾಕು. ಕಾಯಿ ಯಾವ ಮನೆಗೆ ಹೋಯಿತೋ ಆ ಕ್ರಿಯಾಪದದಲ್ಲಿ ವಾಕ್ಯ ಹೇಳಬೇಕು. ಯಾವ ಕಾಲ ಎಂಬುದನ್ನು ಬಿದ್ದ ಸಂಖ್ಯೆ ಹೇಳುತ್ತದೆ.

ಸಂಖ್ಯೆಗೆ ಕಾಲ ಹಂಚುವಾಗ ಸ್ವಲ್ಪ ಲೆಕ್ಕ ಹಾಕಿ. ಬೀಜದ ಎರಡು ಬದಿಯೂ ಸಮನಾಗಿ ಬೀಳುತ್ತವೆ ಎಂದುಕೊಂಡರೆ 16 ಎಸೆತಗಳಲ್ಲಿ ಎರಡು ಬೀಳುವುದು 6 ಸಲ, ಒಂದು ಮತ್ತು ಮೂರು ತಲಾ 4 ಸಲ, ಚೌಕ (ನಾಲ್ಕು) 1 ಸಲ, ಬಾರ (ಎಂಟು) 1 ಸಲ. ಮಕ್ಕಳಿಗೆ ಯಾವುದು ಕಷ್ಟವೋ ಅದನ್ನು ಎರಡಕ್ಕೆ ಕೊಡಿ. ಎರಡು ಬಿದ್ದರೆ ‘ಯೆಸ್ಟರ್‌ಡೇ’, ಒಂದಕ್ಕೆ ‘ಎವ್ರಿ ಡೇ’, ಮೂರಕ್ಕೆ ‘ನೌ’, ಚೌಕಕ್ಕೆ ‘ಟುಮಾರೋ’, ಬಾರ ಬಿದ್ದರೆ ‘ಡಿಡ್ ನಾಟ್’. ಎಂಟು ಮನೆ ಒಮ್ಮೆಗೇ ಹೋಗುವ ಆಸೆಯಿಂದ ‘ಡಿಡ್ ನಾಟ್’ ವಾಕ್ಯವನ್ನು ಮಕ್ಕಳು ಮೊದಲೇ ಸಿದ್ಧ ಮಾಡಿಕೊಂಡು ಕೂರುತ್ತಾರೆ! ವಾಕ್ಯ ತಪ್ಪಿದರೆ ಕಾಯಿ ಹಿಂದಿನ ಮನೆಗೆ ಮರಳಬೇಕು.

ಮನೆಯಲ್ಲಿ ಆಡುವಂತೆ ನಾಲ್ಕು ಕಾಯಿ ಇಟ್ಟರೆ ಪೀರಿಯಡ್ ಸಾಲದು. ಒಂದು ಮಣೆಗೆ ಎಂಟು ಮಂದಿ, ಇಬ್ಬರಿಗೆ ಒಂದು ಕಾಯಿ. ಕಾಯಿ ನಡುಮನೆ ಸೇರಿ ಹಣ್ಣಾಗಲು 24 ಮನೆ ನಡೆಯಬೇಕು, ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಮನೆ ಎಂದರೆ ಸುಮಾರು 10 ಎಸೆತ. ನಾಲ್ಕು ಕಾಯಿಗೆ 40. ಒಂದಕ್ಕೆ 20 ಸೆಕೆಂಡ್ ಹಿಡಿದರೂ 15 ನಿಮಿಷದೊಳಗೆ ಮುಗಿಯುತ್ತದೆ. ಕಡಿಯುವುದನ್ನು ತರಗತಿಯಲ್ಲಿ ಕೈಬಿಡಿ, ಕಡಿಸಿಕೊಂಡ ಕಾಯಿ ಮೊದಲಿನಿಂದ ಬರಬೇಕಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ವಾಕ್ಯ ಸರಿಯೋ ತಪ್ಪೋ ಎಂದು ಎಲ್ಲ ಮಣೆಗಳ ಬಳಿ ನೀವೊಬ್ಬರೇ ಇರಲಾರಿರಿ. ಪ್ರತಿ ಮಣೆಗೆ 20 ಕ್ರಿಯಾಪದಗಳ ರೂಪ ಬರೆದ ಒಂದು ಹಾಳೆ ಮಗುಚಿ ಇಟ್ಟಿರಿ. ಜಗಳ ಬಂದಾಗ ಮಾತ್ರ ತೆರೆಯಬೇಕು.

*ಆಟದ ನಡುವೆ ತಪ್ಪು ಹೇಳಿದರೆ ಅಲ್ಲೇ ತಿದ್ದಬೇಕೇ?*
ಶಿಕ್ಷಕಿ, ಸಾಗರ

ಆ ದಿನದ ಆಟ ಯಾವ ರೂಪಕ್ಕಾಗಿಯೋ ಅದನ್ನು ಅಲ್ಲೇ ತಿದ್ದಿ. ಉಳಿದದ್ದನ್ನು ಬಿಟ್ಟುಬಿಡಿ. ‘ಐ ಡಿಡ್ ನಾಟ್ ಗೋ ಟು ದ ಮೈಸೂರು’ ಎಂದರೆ ಕ್ರಿಯಾಪದ ಸರಿಯಿದೆ, ಅಂಕ ಕೊಡಿ. ‘ದ’ದ ಪಾಠ ಇನ್ನೊಂದು ದಿನ.

*ಒಂಬತ್ತನೇ ತರಗತಿಯವರಿಗೆ ಕಾರ್ಡು, ಟೋಪಿ ಎಂದರೆ ನಾಚಿಕೆ. ದೊಡ್ಡ ಮಕ್ಕಳಿಗೆ ಒಪ್ಪುವ ಆಟ ಬೇಕು.*
ಶಿಕ್ಷಕ, ಹುಮನಾಬಾದ್

ಅವರನ್ನು ಪೊಲೀಸರನ್ನಾಗಿ ಮಾಡಿ. ನಿನ್ನೆ ಸಂಜೆ 6ರಿಂದ 8ರೊಳಗೆ ಶಾಲೆಯ ವಾಲಿಬಾಲ್ ಕಳುವಾಗಿದೆ, ಇಬ್ಬರ ಮೇಲೆ ಅನುಮಾನ. ಆ ಇಬ್ಬರೂ ಆ ಹೊತ್ತು ಒಟ್ಟಿಗೆ ಇದ್ದೆವು ಎನ್ನುತ್ತಾರೆ. ಐದು ನಿಮಿಷ ಹೊರಗೆ ಹೋಗಿ ಕತೆ ಹೊಂದಿಸಿಕೊಂಡು ಬರಲಿ. ಅಷ್ಟರಲ್ಲಿ ಪ್ರತಿ ಗುಂಪು ಎಂಟು ಪ್ರಶ್ನೆ ಬರೆಯಲಿ. ಆಮೇಲೆ ಒಬ್ಬೊಬ್ಬರನ್ನೇ ಕರೆದು ವಿಚಾರಣೆ. ಒಬ್ಬ ಒಳಗಿರುವಾಗ ಇನ್ನೊಬ್ಬ ಹೊರಗಿರಬೇಕು. ಇಬ್ಬರ ಉತ್ತರ ಮೂರು ಕಡೆ ಬೇರೆಯಾದರೆ ಕಳ್ಳರು ಸಿಕ್ಕರು.

ಪ್ರಶ್ನೆಗೆ ನಿಖರ ಗಂಟೆ ಕಡ್ಡಾಯ ಮಾಡಿ. ‘ವಾಟ್ ಡಿಡ್ ಯು ಡು ಯೆಸ್ಟರ್‌ಡೇ?’ ಎಂದರೆ ಸಿಂಪಲ್ ಪಾಸ್ಟ್‌ನಲ್ಲೇ ಉತ್ತರ ಬಂದು ಮುಗಿಯುತ್ತದೆ. ‘ವಾಟ್ ವರ್ ಯು ಡೂಯಿಂಗ್ ಅಟ್ 6:30?’ ಎಂದರೆ ‘ವಿ ವರ್ ಡ್ರಿಂಕಿಂಗ್ ಟೀ’ ಎನ್ನಲೇಬೇಕಾಗುತ್ತದೆ. ನಡುವೆ ನೀವೇ ಒಂದು ತುಂಡು ಎಸೆಯಿರಿ: 7 ಗಂಟೆಗೆ ಕರೆಂಟ್ ಹೋಯಿತು. ‘ವಾಟ್ ವರ್ ಯು ಡೂಯಿಂಗ್ ವೆನ್ ದ ಪವರ್ ವೆಂಟ್ ಆಫ್?’ ಸಾಗುತ್ತಿದ್ದ ಕೆಲಸ ‘ವಾಸ್ ಡೂಯಿಂಗ್’, ಅದರ ನಡುವೆ ಫಕ್ಕನೆ ಬಂದದ್ದು ‘ವೆಂಟ್’. ಕನ್ನಡದಲ್ಲೂ ‘ಲೆಕ್ಕ ಮಾಡ್ತಾ ಇದ್ದೆ, ಕರೆಂಟ್ ಹೋಯ್ತು’ ಎಂದೇ ಹೇಳುತ್ತೇವೆ, ಆದ್ದರಿಂದ ಈ ಟೆನ್ಸ್ ನಮ್ಮ ಮಕ್ಕಳಿಗೆ ಕಷ್ಟವೇ ಅಲ್ಲ. ವಾಸ್, ವರ್ ಆಯ್ಕೆಯಲ್ಲಷ್ಟೇ ಎಡವುತ್ತಾರೆ. ಕೊನೆಗೆ ಪ್ರತಿಯೊಬ್ಬರೂ ಐದು ವಾಕ್ಯದ ವರದಿ ಬರೆಯಲಿ.

*ಮಗಳು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿವರೆಗೆ. ಮನೆಯಲ್ಲಿ ನಾನೇನಾದರೂ ಆಡಿಸಬಹುದೇ? ಅವಳು ‘ಐ ಆಮ್ ನೋಯಿಂಗ್’ ಎನ್ನುತ್ತಾಳೆ, ಸರಿಯೋ ತಪ್ಪೋ ನನಗೂ ಗೊತ್ತಾಗುವುದಿಲ್ಲ.*
ಗೃಹಿಣಿ, ಅರಸೀಕೆರೆ

ಖಂಡಿತ ಆಡಿಸಬಹುದು, ಅಮ್ಮಾ. ನೀವು ಓದಿರುವಷ್ಟು ಇದಕ್ಕೆ ಧಾರಾಳ ಸಾಕು. ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಈಗ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇರುವುದರಿಂದ ಐದನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ಪದಗಳು ಒಂದಷ್ಟು ಗೊತ್ತಿರುತ್ತವೆ. ಅವನ್ನು ವಾಕ್ಯದಲ್ಲಿ ಕೂರಿಸುವ ಅಭ್ಯಾಸ ಬೇಕು.

ಮೊದಲು ನಿಮ್ಮ ಅನುಮಾನ. ‘ಐ ಆಮ್ ನೋಯಿಂಗ್’ ತಪ್ಪು, ‘ಐ ನೋ’ ಸರಿ. ಗೊತ್ತಿರುವುದು, ಬೇಕಿರುವುದು, ಇಷ್ಟವಾಗುವುದು ಕೈಯಿಂದ ಮಾಡುವ ಕೆಲಸಗಳಲ್ಲ. ಅವಕ್ಕೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ: ಐ ನೋ, ಐ ವಾಂಟ್, ಐ ಲೈಕ್. ಅವಳು ತಪ್ಪು ಹೇಳಿದಾಗ ‘ಗೊತ್ತಿರುವುದನ್ನು ನಟಿಸಿ ತೋರಿಸು’ ಎನ್ನಿ. ತೋರಿಸಲು ಆಗುವುದಿಲ್ಲವಲ್ಲ, ಹಾಗಾದರೆ ಇಂಗ್ ಬೇಡ.

ಆಟವನ್ನು ಅಡುಗೆಮನೆಯಲ್ಲಿ, ಸಂಜೆ ಹತ್ತು ನಿಮಿಷ ಆಡಿಸಿ. ನೀವು ತರಕಾರಿ ಹೆಚ್ಚುತ್ತಿರುವಾಗ ಅವಳು ‘ಯು ಆರ್ ಕಟಿಂಗ್’ ಎನ್ನಬೇಕು. ಹೆಚ್ಚಿ ತಟ್ಟೆಗೆ ಹಾಕಿ ಚಾಕು ಕೆಳಗಿಟ್ಟ ಕೂಡಲೇ ‘ಯು ಹ್ಯಾವ್ ಕಟ್’ ಎಂದು ಬದಲಿಸಬೇಕು. ಕೈ ಕೆಲಸದಲ್ಲಿದ್ದರೆ ‘ಆರ್’ ಮತ್ತು ‘ಇಂಗ್’, ಕೆಲಸ ಮುಗಿದು ಎದುರಿಗೆ ಕಾಣುತ್ತಿದ್ದರೆ ‘ಹ್ಯಾವ್’. ತೊಳೆಯುವುದು, ಸುಲಿಯುವುದು, ಕಲಸುವುದು, ಬೇಯಿಸುವುದು ಎಂದು ವಾರಕ್ಕೆ ನಾಲ್ಕು ಕೆಲಸ ಸಾಕು. ಅವುಗಳ ಇಂಗ್ಲಿಷ್ ರೂಪವನ್ನು ಅವಳೇ ಟೀಚರನ್ನು ಕೇಳಿ ಬರೆದುಕೊಂಡು ಬಂದು ಗೋಡೆಗೆ ಅಂಟಿಸಲಿ. ರಾತ್ರಿ ಊಟಕ್ಕೆ ಕೂತಾಗ ‘ಸಂಜೆ ನಾನು ಏನೇನು ಮಾಡಿದೆ?’ ಎಂದು ಕೇಳಿ. ಆಗ ಹ್ಯಾವ್ ಬಿಟ್ಟು ‘ಯು ಕಟ್’, ‘ಯು ವಾಶ್ಟ್’, ‘ಯು ಕುಕ್ಟ್’ ಎಂದು ಬರಬೇಕು.

ಹೀರೇಕಾಯಿಗೆ, ಒಗ್ಗರಣೆಗೆ ಇಂಗ್ಲಿಷ್ ಪದ ಸಿಗದೆ ಅವಳು ನಿಂತರೆ ಆ ಪದವನ್ನು ಕನ್ನಡದಲ್ಲೇ ಇಟ್ಟುಕೊಳ್ಳಲಿ. ‘ಯು ಆರ್ ಪೀಲಿಂಗ್ ಹೀರೇಕಾಯಿ’ ಈ ಆಟಕ್ಕೆ ಪೂರ್ಣ ಅಂಕದ ವಾಕ್ಯ.